ಬೆಂಪೂರು ಹನ್ನೆರಡು

ಬನ್ನೇರುಘಟ್ಟ ರಸ್ತೆಯ ಆಸುಪಾಸಿನಲ್ಲಿ ಫ್ಲ್ಯಾಟ್ ಕೊಂಡವರ ಕ್ರಯಪತ್ರವನ್ನು ಬಿಡಿಸಿ ನೋಡಿದರೆ, ಕೊನೆಯ ಹಾಳೆಗಳ ಷೆಡ್ಯೂಲಿನಲ್ಲಿ ಒಂದು ಸಾಲು ಸಿಗುತ್ತದೆ. ಕಟ್ಟಡದ ಹೆಸರು ಇಂಗ್ಲಿಷಿನದೋ ಇಟಲಿಯದೋ ಏನೇ ಇರಲಿ, ಅದು ನಿಂತಿರುವ ನೆಲ ಮಾತ್ರ ‘ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿ, ಬಿಳೇಕಹಳ್ಳಿ ಗ್ರಾಮ’ದ್ದು. ಅದರ ಮುಂದೆ ಸರ್ವೆ ನಂಬರು, ಚಕ್ಕುಬಂದಿ. ಅರಕೆರೆ, ಹುಳಿಮಾವು, ಹೊಂಗಸಂದ್ರ, ಬೊಮ್ಮನಹಳ್ಳಿ, ಎಲ್ಲವೂ ಕಾಗದದಲ್ಲಿ ಬೇಗೂರು ಹೋಬಳಿಗೆ ಸೇರಿದ ಊರುಗಳೇ. ಜೆ.ಪಿ. ನಗರದ ಕಡೆಗೆ, ಪುಟ್ಟೇನಹಳ್ಳಿ, ಕೊತ್ತನೂರುಗಳ ಪತ್ರಗಳಲ್ಲಿ ಉತ್ತರಹಳ್ಳಿ ಹೋಬಳಿ ಕಾಣಿಸುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ನೂಕುನುಗ್ಗಲಿನಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಹೊರಬೀಳುವ ಆತುರದಲ್ಲಿ ಯಾರೂ ಈ ಸಾಲನ್ನು ಓದುವುದಿಲ್ಲ. ಬೇಗೂರನ್ನು ನೋಡದವರೇ ಬೇಗೂರು ಹೋಬಳಿಯಲ್ಲಿ ಮನೆ ಮಾಡಿಕೊಂಡಿದ್ದಾರೆ.

ಆ ಸಾಲಿಗೆ ಸುಮಾರು 1,100 ವರ್ಷಗಳ ಹಿನ್ನೆಲೆ ಇದೆ. ಗಂಗ ದೊರೆಯೊಬ್ಬ ಇದೇ ಬೇಗೂರನ್ನು ಮುಖ್ಯ ಊರಾಗಿ ಇಟ್ಟು, ಸುತ್ತಲಿನ ಊರುಗಳನ್ನು ಅದಕ್ಕೆ ಸೇರಿಸಿ, ಒಂದು ಸಣ್ಣ ನಾಡನ್ನೇ ಬರೆದುಕೊಟ್ಟಿದ್ದ. ಆ ಪತ್ರ ಕಲ್ಲಿನದು.

ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿ, ಬೇಗೂರು ರಸ್ತೆಯ ವಾಹನಗಳ ಸಾಲಿನಲ್ಲಿ ನಾಲ್ಕೈದು ಕಿಲೋಮೀಟರ್ ತೆವಳಿದರೆ ಊರು ಬರುತ್ತದೆ. ಬೆಂಗಳೂರಿನ ನೆಲ ಒಂದು ದಿಬ್ಬದ ಬೆನ್ನಿನ ಮೇಲಿದೆ. ಪಶ್ಚಿಮದ ಇಳಿಜಾರಿನ ಮಳೆ ವೃಷಭಾವತಿಗೆ ಬಿದ್ದು, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವದ ಇಳಿಜಾರಿನ ನೀರು ಕೆರೆಯಿಂದ ಕೆರೆಗೆ ಕೋಡಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಬೇಗೂರು ಈ ಪೂರ್ವದ ಇಳಿಜಾರಿನ ಊರು. ನದಿಯಿಲ್ಲದ ಸೀಮೆಯಲ್ಲಿ ಊರು ಕಟ್ಟುವುದೆಂದರೆ ಮೊದಲು ಕೆರೆ ಕಟ್ಟುವುದು. ಬೇಗೂರಿನ ಕೆರೆ ಈಗಲೂ ಸುಮಾರು 137 ಎಕರೆಯಷ್ಟಿದೆ. ಗುಡಿ, ಕೋಟೆ, ಹಳೆಯ ಊರು ಎಲ್ಲವೂ ಅದರ ಆಸುಪಾಸಿನಲ್ಲೇ ಬೆಳೆದಿವೆ. ಕೆರೆಯ ಕೆಳಗೆ ಗದ್ದೆ, ಮೇಲೆ ರಾಗಿಯ ಹೊಲ ಎಂಬ ಲೆಕ್ಕ ಎರಡು ತಲೆಮಾರಿನ ಹಿಂದಿನವರೆಗೂ ನಡೆದೇ ಇತ್ತು.

ಗಂಗರ ಕಾಲದಲ್ಲಿ ಊರಿನ ಹೆಸರು ಬೆಂಪೂರು. ಆಗ ಆಳುತ್ತಿದ್ದವನು ಎರೆಯಪ್ಪ, ಅಂದರೆ ಇಮ್ಮಡಿ ನೀತಿಮಾರ್ಗ. ಬೆಂಪೂರಿನ ಕಡೆಯ ಸೇನಾನಾಯಕ ನಾಗತ್ತರ. ಪೂರ್ವಕ್ಕೆ ನೊಳಂಬರ ಸೀಮೆ. ಅಲ್ಲಿಯ ಅಯ್ಯಪದೇವ ವೀರಮಹೇಂದ್ರನೆಂಬವನ ಮೇಲೆ ಯುದ್ಧಕ್ಕೆ ಹೊರಟಾಗ ಗಂಗರ ನೆರವು ಕೇಳಿದ. ಎರೆಯಪ್ಪ ಸಾಮಂತರ ಪಡೆಯ ಜೊತೆ ನಾಗತ್ತರನನ್ನು ಕಳಿಸಿಕೊಟ್ಟ. ತುಂಬೆಪಾಡಿಯಲ್ಲಿ ಎರಡೂ ಕಡೆಯ ಸೈನ್ಯ ಎದುರಾದವು. ಕಾಳಗ ಕೈತಪ್ಪುತ್ತಿರುವುದು ಕಂಡಾಗ ನಾಗತ್ತರ ಶತ್ರುವಿನ ಆನೆಗೇ ಎದುರಾಗಿ ನುಗ್ಗಿ, ಇರಿದು, ಸತ್ತ. ಸುದ್ದಿ ಕೇಳಿದ ಎರೆಯಪ್ಪ ಮೆಚ್ಚಿ, ಇರುಗನೆಂಬವನಿಗೆ ‘ನಾಗತ್ತರ ಪಟ್ಟ’ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಸತ್ತ ವೀರನ ಹೆಸರಿನಲ್ಲಿ ಕೊಡುವ ನೆಲ ಅದು. ಇದೆಲ್ಲ ನಡೆದದ್ದು ಕ್ರಿ.ಶ. 900ರ ಆಚೀಚೆ.

ಈ ಸಂಗತಿ ತಿಳಿಯುವುದು ಒಂದು ವೀರಗಲ್ಲಿನಿಂದ, ಮತ್ತು ಆ ವೀರಗಲ್ಲು ಸಾಮಾನ್ಯದ್ದಲ್ಲ. ಕನ್ನಡ ನಾಡಿನ ಊರೂರಿಗೂ ವೀರಗಲ್ಲುಗಳಿವೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವ ಪಟ್ಟಿ. ಮೂರು ಅಂತಸ್ತಿನ ಈ ಅಚ್ಚು ಎಷ್ಟು ರೂಢಿಯಾಗಿತ್ತೆಂದರೆ, ಹಲವು ಕಡೆ ಶಿಲ್ಪಿ ಕಣ್ಣು ಮುಚ್ಚಿ ಕೆತ್ತಿದನೇನೋ ಎನಿಸುತ್ತದೆ. ಬೇಗೂರಿನ ಕಲ್ಲನ್ನು ಕೆತ್ತಿದವನು ಯುದ್ಧವನ್ನು ನೋಡಿದ್ದ, ಇಲ್ಲವೇ ನೋಡಿ ಬಂದವರ ಮಾತನ್ನು ಗಮನವಿಟ್ಟು ಕೇಳಿದ್ದ. ಅಗಲವಾದ ಹಾಸುಗಲ್ಲಿನ ತುಂಬ ರಣರಂಗ ಹರಡಿಕೊಂಡಿದೆ. ಒಂದು ಕಡೆ ಕುದುರೆಯೇರಿದ ವೀರ, ಎದುರಿಗೆ ಆನೆಯ ಮೇಲಿನ ಶತ್ರು. ಕಾಲಾಳುಗಳ ಕೈಯಲ್ಲಿ ಬಿಲ್ಲು, ಕತ್ತಿ. ಕಾಲಡಿಯಲ್ಲಿ ಬಿದ್ದ ಹೆಣಗಳು. ಆ ಕಾಲದ ಸೈನಿಕ ಏನು ತೊಡುತ್ತಿದ್ದ, ಆಯುಧವನ್ನು ಹೇಗೆ ಹಿಡಿಯುತ್ತಿದ್ದ ಎಂದು ತಿಳಿಯಬೇಕಾದವರಿಗೆ ಪುಸ್ತಕಕ್ಕಿಂತ ಈ ಕಲ್ಲೇ ವಾಸಿ. ಅದು ಈಗ ಬೇಗೂರಿನಲ್ಲಿಲ್ಲ. 19ನೇ ಶತಮಾನದಲ್ಲೇ ಊರು ಬಿಟ್ಟು, 1865ರಲ್ಲಿ ಹುಟ್ಟಿದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಕಸ್ತೂರಬಾ ರಸ್ತೆಯ ಆ ಕೆಂಪು ಕಟ್ಟಡಕ್ಕೆ ಶಾಲೆಯ ಮಕ್ಕಳು ಪ್ರವಾಸ ಬರುತ್ತಾರೆ, ಸಾಲಾಗಿ ಅದರ ಮುಂದೆ ಹಾದುಹೋಗುತ್ತಾರೆ.

ಶಾಸನದ ಕೊನೆಯಲ್ಲಿ ಬೆಂಪೂರು ಹನ್ನೆರಡರ ಊರುಗಳ ಪಟ್ಟಿಯಿದೆ. ದಕ್ಷಿಣ ಬೆಂಗಳೂರಿನವರಿಗೆ ರೋಮಾಂಚನವಾಗಬೇಕಾದದ್ದು ಇಲ್ಲಿಯೇ. ಬೆಂಪೂರು ಮೊದಲ ಹೆಸರು. ಮುಂದೆ ಪೂವಿನ ಪುಲ್ಲಿಮಂಗಲ ಬರುತ್ತದೆ. ‘ಪ’ಕಾರ ‘ಹ’ಕಾರವಾದ ಮೇಲೆ ಅದು ಜಿಗಣಿಯ ಬಳಿಯ ಹುಲಿಮಂಗಲವನ್ನು ನೆನಪಿಸುತ್ತದೆ. ಇಗ್ಗಲೂರು ಬರುತ್ತದೆ, ಚಂದಾಪುರದ ಹತ್ತಿರ ಆ ಹೆಸರಿನ ಊರು ಇಂದಿಗೂ ಇದೆ. ಪಟ್ಟಿಯ ಕೂಡಲೆ ಎಂಬ ಹೆಸರು ಕೂಡ್ಲುವನ್ನು ಬಲವಾಗಿ ಹೋಲುತ್ತದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊದ ಹಳದಿ ಮಾರ್ಗದಲ್ಲಿ ಜಯನಗರದ ಅಂಚಿನ ಆರ್.ವಿ. ರಸ್ತೆಯಿಂದ ಹೊರಟವರು ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಹೊಂಗಸಂದ್ರ ದಾಟಿ ಕೂಡ್ಲು ಗೇಟ್ ತಲಪುತ್ತಾರೆ. ಆ ಪ್ರಯಾಣದ ಕೊನೆಯ ಭಾಗ ನಡೆಯುವುದು ಹೆಚ್ಚುಕಡಿಮೆ ಎರೆಯಪ್ಪ ಬರೆದುಕೊಟ್ಟ ಸೀಮೆಯಲ್ಲಿ.

ಪಟ್ಟ ಕಟ್ಟಿದ ವಿವರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಾಗತ್ತರ ಎನ್ನುವುದು ಒಬ್ಬ ಮನುಷ್ಯನ ಹೆಸರಾಗಿ ಶುರುವಾಗಿ, ಅವನು ಸತ್ತ ಮೇಲೆ ಒಂದು ಹುದ್ದೆಯಾಯಿತು. ಬೇಗೂರಿನಲ್ಲಿ ನಾಗತ್ತರನ ಹೆಸರು ಬರುವ ಕಲ್ಲುಗಳು ಬೇರೆಯೂ ಇವೆ. ಎಲ್ಲ ಕಡೆಯೂ ಅದೇ ಮನುಷ್ಯ ಎಂದು ಹಿಡಿಯುವುದು ಆತುರವಾದೀತು. ಜನಪ್ರಿಯ ಲೇಖನಗಳು ಎಲ್ಲವನ್ನೂ ಒಬ್ಬನ ತಲೆಗೇ ಕಟ್ಟಿ, ಅವನ ಜೀವನಚರಿತ್ರೆಯನ್ನೇ ಬರೆದುಬಿಡುತ್ತವೆ.

ಆ ಬೇರೆ ಕಲ್ಲುಗಳಲ್ಲಿ ಒಂದಕ್ಕೆ ಈಗ ಜಗತ್ತಿನ ಪ್ರಸಿದ್ಧಿ. ನಾಗೇಶ್ವರ ದೇವಾಲಯದ ಆವರಣದಲ್ಲಿದ್ದ, ಒಡೆದುಹೋಗಿದ್ದ ಒಂದು ಶಾಸನ. ಸುಮಾರು ಕ್ರಿ.ಶ. 890ರದೆಂದು ಕಾಲ ಗುರುತಿಸಿರುವ ಈ ಬರಹ ಬಹಳ ಚಿಕ್ಕದು: ನಾಗತ್ತರನ ಮನೆಗೆ ಸೇರಿದವರು, ಬುಟ್ಟಣಶೆಟ್ಟಿ ಎಂಬವನು, ಬೆಂಗಳೂರಿನ ಕಾಳಗದಲ್ಲಿ ಸತ್ತ ಸಂಗತಿ. ಬುಟ್ಟಣಶೆಟ್ಟಿಯನ್ನು ನಾಗತ್ತರನ ಮಗನೆಂದು ಕೆಲವರು ಓದುತ್ತಾರೆ, ಮನೆಯ ಬಂಟನೆಂದು ಕೆಲವರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 20ನೇ ಶತಮಾನದ ಆರಂಭದಲ್ಲಿ ಇದನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಬೆಂಗಳೂರೆಂಬ ಹೆಸರು ಹುಟ್ಟಿದ ಬಗ್ಗೆ ಎಲ್ಲರ ಬಾಯಲ್ಲಿದ್ದದ್ದು ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆ. ಆ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನಿಗಿಂತ ಮುನ್ನೂರು ವರ್ಷ ಹಿಂದೆಯೇ ಬೆಂಗಳೂರೆಂಬ ಊರಿನಲ್ಲಿ ಜನ ಹೊಡೆದಾಡಿ ಸತ್ತಿದ್ದಾರೆಂದು ಬೇಗೂರಿನ ಕಲ್ಲು ಹೇಳುತ್ತದೆ. ಮುದುಕಿಯ ಕಥೆ ಇನ್ನೂ ಸತ್ತಿಲ್ಲ. ಮಕ್ಕಳ ಪುಸ್ತಕಗಳಲ್ಲಿ ಅದು ಕಲ್ಲಿಗಿಂತ ಗಟ್ಟಿಯಾಗಿ ಕೂತಿದೆ.

ಬೇಗೂರಿಗೆ ಹೆಸರು ತಂದುಕೊಟ್ಟದ್ದು ಈ ಕಲ್ಲೇ ನಿಜ. ಬಂದವರು ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದೂ ಸಹಜ. ಆದರೆ ಆ ಕಾಲದಲ್ಲಿ ಬೇಗೂರು ದೊಡ್ಡ ಊರು, ಬೆಂಗಳೂರು ಅದರ ಲೆಕ್ಕಕ್ಕೆ ಒಂದು ಕಾಳಗ ನಡೆದ ಜಾಗ ಅಷ್ಟೆ. ಗುಡಿ ಕಟ್ಟಿಸುವವರು, ಕಲ್ಲು ಕೆತ್ತಿಸುವವರು, ನಾಡು ಆಳುವವರು ಇದ್ದದ್ದು ಬೇಗೂರಿನಲ್ಲಿ.

ಅವರಲ್ಲಿ ಎಲ್ಲರೂ ಕತ್ತಿ ಹಿಡಿದು ಸತ್ತವರಲ್ಲ. ಬೇಗೂರಿನಲ್ಲಿ ಜೈನರ ನೆಲೆಯೂ ಇತ್ತು. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು ದೇಹ ತೊರೆದ ನೆನಪಿಗೆ ನಿಲ್ಲಿಸಿದ ನಿಸಿದಿ ಇಲ್ಲಿ ದೊರೆತಿದೆ. ತಂದೆಯ ಹೆಸರಿನ ಮನೆತನಕ್ಕೆ ಆನೆಯ ಕಾಲಡಿಯ ಸಾವು ಎಷ್ಟು ಹೆಮ್ಮೆಯದೋ, ಮಗಳ ಈ ಸಾವೂ ಅಷ್ಟೇ ಕಲ್ಲಿಗೆ ಅರ್ಹವಾಗಿತ್ತು. ಹಳೆಯ ಬಸದಿಯೊಂದರ ಅವಶೇಷ ಮನೆಗಳ ನಡುವಿನ ಒಂದು ದಿಣ್ಣೆಯ ಮೇಲೆ ಬಹಳ ವರ್ಷ ಗಿಡಗಂಟಿಗಳಲ್ಲಿ ಮುಚ್ಚಿಹೋಗಿತ್ತು.

ಊರಿನ ಮುಖ್ಯ ನೋಟ ಪಂಚಲಿಂಗ ನಾಗೇಶ್ವರ ದೇವಾಲಯ. ಈಗ ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಇತ್ತೀಚಿನ ಎತ್ತರದ ರಾಜಗೋಪುರ; ಅದು ತಮಿಳುನಾಡಿನ ಶೈಲಿಯದು, ಮೈತುಂಬ ಗಾರೆಯ ಮೂರ್ತಿಗಳು. ಅದನ್ನು ದಾಟಿ ಒಳಗೆ ಬಂದರೆ ಎತ್ತರ ಇಳಿಯುತ್ತದೆ, ಕಾಲವೂ ಇಳಿಯುತ್ತದೆ. ಒಂದೇ ಪ್ರಾಕಾರದಲ್ಲಿ ಐದು ಶಿವಾಲಯಗಳು. ನಾಗೇಶ್ವರ ಮತ್ತು ನಗರೇಶ್ವರ ಗಂಗರ ಕಾಲದವು, ಉಳಿದವು ಚೋಳರು ಬಂದ ಮೇಲಿನವು. ಗಂಗರ ಗುಡಿಯ ಮಹಾಮಂಟಪದಲ್ಲಿ ನಿಂತು ತಲೆಯೆತ್ತಿದರೆ ಛಾವಣಿಯಲ್ಲಿ ಒಂಬತ್ತು ಅಂಕಣಗಳು. ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿನ ಒಡೆಯರು ತಮ್ಮ ತಮ್ಮ ವಾಹನಗಳ ಮೇಲೆ: ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ. ಹೊಯ್ಸಳರ ಕುಸುರಿಗೆ ಒಗ್ಗಿದ ಕಣ್ಣಿಗೆ ಇದು ಸರಳವೆನಿಸಬಹುದು. ಆದರೆ ಈ ಮಂಟಪ ಬೇಲೂರಿಗಿಂತ ಇನ್ನೂರು ವರ್ಷ ಹಿರಿಯದು, ಮತ್ತು ಇದರ ಕಲ್ಲು ಬಳಪದಷ್ಟು ಮೃದುವಲ್ಲ. ಉಳಿ ಎಲ್ಲಿಯವರೆಗೆ ಹೋಗಬಲ್ಲದೋ ಅಲ್ಲಿಯವರೆಗೆ ಹೋಗಿ, ಉಳಿದದ್ದನ್ನು ದುಂಡಗಿನ ತುಂಬು ಮೈಗಳಲ್ಲೇ ಹೇಳುವುದು ಗಂಗರ ಶಿಲ್ಪಿಗಳ ಜಾಣ್ಮೆ.

ಚೋಳರು ಗಂಗರನ್ನು ಸೋಲಿಸಿ ತಲಕಾಡನ್ನು ಹಿಡಿದದ್ದು 11ನೇ ಶತಮಾನದ ಮೊದಲ ವರ್ಷಗಳಲ್ಲಿ. ಆ ಮೇಲೆ ಈ ಸೀಮೆಯ ಕಲ್ಲುಗಳ ಭಾಷೆ ಬದಲಾಗುತ್ತದೆ. ಕನ್ನಡದ ಜಾಗದಲ್ಲಿ ತಮಿಳು, ಗ್ರಂಥ ಲಿಪಿ ಕಾಣಿಸಿಕೊಳ್ಳುತ್ತವೆ. ವಿಷ್ಣುವರ್ಧನ ಚೋಳರನ್ನು ತಲಕಾಡಿನಿಂದ ಓಡಿಸಿದ ಎಷ್ಟೋ ಕಾಲದ ಮೇಲೂ, ಹೊಯ್ಸಳರ ಆಳ್ವಿಕೆಯಲ್ಲೂ, ಬೆಂಗಳೂರಿನ ದಕ್ಷಿಣ–ಪೂರ್ವದ ಗುಡಿಗಳ ಗೋಡೆಗಳಲ್ಲಿ ತಮಿಳು ಶಾಸನಗಳು ಮುಂದುವರಿದವು. ಬೆಂಗಳೂರಿನ ಭಾಷೆಯ ಜಗಳಗಳಲ್ಲಿ ಎರಡೂ ಕಡೆಯವರು ಕಲ್ಲುಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಕಲ್ಲುಗಳು ಇಬ್ಬರ ಪರವಾಗಿಯೂ ಸಾಕ್ಷಿ ನುಡಿಯುತ್ತವೆ.

ಇಂಥ ಗೋಡೆಗಳಲ್ಲಿ ಅತ್ಯಂತ ಸ್ವಾರಸ್ಯವಾದದ್ದು ಬಿಟಿಎಂ ಬಡಾವಣೆಯ ಪಕ್ಕದ್ದು. ಹೊಸೂರು ರಸ್ತೆಯ ಗದ್ದಲದಿಂದ ಕೂಗಳತೆಯಲ್ಲಿ, ಹಳೆಯ ಮಡಿವಾಳದಲ್ಲಿ, ಸೋಮೇಶ್ವರ ದೇವಾಲಯವಿದೆ. ಹತ್ತಿರದ ಅಯ್ಯಪ್ಪನ ಗುಡಿಗೆ ಬರುವ ಸಾವಿರಾರು ಜನರಲ್ಲಿ ಅತ್ತ ಹೊರಳುವವರು ಕಡಿಮೆ. ಹೊರಗೋಡೆಯ ತುಂಬ ಬರಹ. ಅವುಗಳಲ್ಲಿ ಹಳೆಯದು 1247ರದು. ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದೇವರಿಗೆ ಬಿಟ್ಟ ದಾನ ಅದು. ತಮಿಳಿನಲ್ಲಿ ಊರಿನ ಹೆಸರು ವೆಂಗಳೂರ್. ದಾನ ಕೊಟ್ಟವನು ಯಾವ ಊರಿನವನು? ವೇಪ್ಪೂರಿನವನು, ಅಂದರೆ ನಮ್ಮ ಬೇಗೂರಿನವನು. ಇನ್ನೊಂದು ಶಾಸನದಲ್ಲಿ ತಾಮರೈಕ್ಕರೆ ಎಂಬ ಊರು ಬರುತ್ತದೆ. ಅದೇ ಇಂದಿನ ತಾವರೆಕೆರೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರ ಸೇರಿಸಿ ಬಿಡಿಎ ಅಧಿಕಾರಿಗಳು ಬಿಟಿಎಂ ಎಂದು ಬಡಾವಣೆಗೆ ಹೆಸರಿಟ್ಟರು. ಪಿ.ಜಿ.ಗಳಲ್ಲಿ ಇರುವ ಹುಡುಗ ಹುಡುಗಿಯರಿಗೆ ಅದು ಬರಿಯ ಮೂರಕ್ಷರ. ಅವುಗಳಲ್ಲಿ ಎರಡರ ಬೇರು ಅದೇ ಗುಡಿಯ ಆಸುಪಾಸಿನಲ್ಲಿದೆ.

1247ರ ಬೇಗೂರಿನವನೊಬ್ಬ ಬೆಂಗಳೂರಿನ ಕೆರೆಯ ಕೆಳಗೆ ಭೂಮಿ ಹೊಂದಿದ್ದನೆಂಬುದು ಸಣ್ಣ ಸಂಗತಿಯಲ್ಲ. ಕೆರೆಯ ಕೆಳಗಿನದೆಂದರೆ ತೂಬಿನ ನೀರು ಹರಿಯುವ ಗದ್ದೆ, ಊರಿನ ಅತ್ಯಂತ ಬೆಲೆಬಾಳುವ ನೆಲ. ಆಗಲೂ ಹಣವಿದ್ದದ್ದು ಬೇಗೂರಿನ ಕಡೆಗೆ.

ಲೆಕ್ಕ ತಿರುವುಮುರುವಾದದ್ದು ಮುಂದಿನ ಮುನ್ನೂರು ವರ್ಷಗಳಲ್ಲಿ. ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ–ಪೇಟೆ ಕಟ್ಟಿದ. ಅವನ ಕೆಲಸ ಮೆಚ್ಚಿ ವಿಜಯನಗರದ ಅಚ್ಯುತರಾಯ ಸುತ್ತಲಿನ ಹೋಬಳಿಗಳನ್ನು ಉಂಬಳಿಯಾಗಿ ಬಿಟ್ಟುಕೊಟ್ಟನೆಂದು ಪರಂಪರೆ ಹೇಳುತ್ತದೆ. ಹಲಸೂರು, ವರ್ತೂರು, ಜಿಗಣಿ, ಕೆಂಗೇರಿ, ಕುಂಬಳಗೋಡುಗಳ ಜೊತೆ ಆ ಪಟ್ಟಿಯಲ್ಲಿ ಬೇಗೂರೂ ಇದೆ. ಒಂದು ಕಾಲದಲ್ಲಿ ಹನ್ನೆರಡು ಊರುಗಳ ಪಟ್ಟಿಯ ತಲೆಯಲ್ಲಿದ್ದ ಹೆಸರು, ಇನ್ನೊಂದು ಊರಿನ ಖರ್ಚಿಗೆಂದು ಕೊಟ್ಟ ಪಟ್ಟಿಯ ನಡುವೆ ಸೇರಿಕೊಂಡಿತು. ಊರಿನ ದುಂಡನೆಯ ಮಣ್ಣಿನ ಕೋಟೆ, ಅದರ ಕಂದಕ, ಒಳಗಿನ ಕಾಶಿ ವಿಶ್ವೇಶ್ವರನ ಗುಡಿ ಈಗ ಪಾಳೆಯಗಾರರ ಕಾಲವನ್ನು ನೆನಪಿಸುತ್ತ ಉಳಿದಿವೆ. ಕೋಟೆಯ ದಿಬ್ಬ ಹಲವು ಕಡೆ ಕುಸಿದಿದೆ, ಕಂದಕದ ಗುರುತು ಹುಡುಕಬೇಕು.

ಆದರೂ ಹೋಬಳಿಯ ಕೇಂದ್ರವೆಂಬ ಪಟ್ಟ ತಪ್ಪಲಿಲ್ಲ. ಒಡೆಯರು, ಹೈದರ್, ಟಿಪ್ಪು, ಬ್ರಿಟಿಷ್ ಕಮಿಷನರುಗಳು, ಮತ್ತೆ ಒಡೆಯರು. ಆಳುವವರು ಬದಲಾದರೂ ಕಂದಾಯದ ಲೆಕ್ಕದಲ್ಲಿ ಬೇಗೂರು ಬೇಗೂರಾಗಿಯೇ ಉಳಿಯಿತು. ಇದಕ್ಕೆ ಕಾರಣ ಯಾರದೇ ಇತಿಹಾಸಪ್ರಜ್ಞೆಯಲ್ಲ. ಕಂದಾಯದವರಿಗೆ ಹಳೆಯ ಗಡಿಯನ್ನು ಬದಲಿಸುವುದೆಂದರೆ ಜಗಳ, ಅರ್ಜಿ, ಹೊಸ ಪುಸ್ತಕ. ಹಾಗಾಗಿ ಶಾನುಭೋಗರು ಇದ್ದದ್ದನ್ನೇ ನಕಲು ಮಾಡುತ್ತ ಬಂದರು. ದೊರೆಗಳ ಶಾಸನಗಳಿಗಿಂತ ಗುಮಾಸ್ತರ ಸೋಮಾರಿತನವೇ ಎಷ್ಟೋ ಸಲ ಹೆಚ್ಚು ಕಾಪಾಡಿದೆ.

1905ರಲ್ಲಿ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ ಹೊರತಂದಾಗ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅಚ್ಚಾದವು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಊರೂರಿಗೆ ಜನ ಕಳಿಸಿ ಅಚ್ಚೊತ್ತಿಸಿ ತರಿಸಿದ ಬರಹಗಳಲ್ಲಿ ಬೇಗೂರಿನದು ದೊಡ್ಡ ಪಾಲು. ಊರು ಮತ್ತೆ ವಿದ್ವಾಂಸರ ಬಾಯಿಗೆ ಬಂದದ್ದು ಹೀಗೆ. ಉಳಿದವರಿಗೆ ಅದು ನಗರದ ಹೊರಗಿನ ರಾಗಿ ಬೆಳೆಯುವ ಹಳ್ಳಿ.

ನಗರ ಅತ್ತ ಹೊರಟದ್ದು ಹಂತ ಹಂತವಾಗಿ. 1948ರ ಆಗಸ್ಟ್ 20ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಅಶೋಕ ಸ್ತಂಭ ಆ ಸಮಾರಂಭದ ಗುರುತು. ಸಿದ್ದಾಪುರ, ಭೈರಸಂದ್ರ, ಯಡಿಯೂರುಗಳ ಹೊಲಗಳು ಬ್ಲಾಕುಗಳಾದವು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಅವುಗಳ ಹಿಂದೆ ಬಿಟಿಎಂ. ಜಯನಗರ ಕಟ್ಟಿದವರಿಗೆ ಉದ್ಯಾನ, ಮೈದಾನ, ಮಾರುಕಟ್ಟೆ ಬಿಡುವ ವ್ಯವಧಾನವಿತ್ತು. ಬೇಗೂರು ರಸ್ತೆಗೆ ಬರುವ ಹೊತ್ತಿಗೆ ಯಾರಿಗೂ ಪುರಸೊತ್ತಿರಲಿಲ್ಲ. ಹೊಸೂರು ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಿಗೆ ಮನೆಗಳು ಬೇಕಾದವು, ರೆವಿನ್ಯೂ ಸೈಟುಗಳು ತುಂಬಿದವು, ಎರಡು ಗಾಡಿ ಎದುರುಬದುರಾದರೆ ಸಿಕ್ಕಿಕೊಳ್ಳುವ ಹಳ್ಳಿಯ ದಾರಿಯೇ ಮುಖ್ಯರಸ್ತೆಯಾಯಿತು. 2007ರಲ್ಲಿ ನಗರಸಭೆಗಳ ಜೊತೆಗೆ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚಿಸಿದಾಗ ಬೇಗೂರೂ ಅದರೊಳಗೆ ಬಂದು ಒಂದು ವಾರ್ಡಾಯಿತು.

ಕೆರೆಯ ಪಾಡು ಬೇರೆ. ಹೂಳೆತ್ತಿ ಅಭಿವೃದ್ಧಿ ಮಾಡುವಾಗ ನಡುವೆ ಮಣ್ಣು ಸುರಿದು ಒಂದು ದ್ವೀಪ ಮಾಡಲಾಯಿತು. ಅದರ ಮೇಲೆ ಶಿವನ ದೊಡ್ಡ ಪ್ರತಿಮೆ ಎದ್ದಿತು. ಕೆರೆಯ ಅಂಗಳದಲ್ಲಿ ಕಟ್ಟಡ ಸಲ್ಲದೆಂದು ಪರಿಸರದ ಪರವಾಗಿ ನಿಂತವರು ಹೈಕೋರ್ಟಿಗೆ ಹೋದರು, ಕೋರ್ಟು ಕೆಲಸಕ್ಕೆ ತಡೆ ಹಾಕಿತು, ಪ್ರತಿಮೆ ಬಹಳ ಕಾಲ ಮುಸುಕು ಹೊದ್ದು ನಿಂತಿತು. ಐದೈದು ಶಿವಾಲಯಗಳಿರುವ, ಅವುಗಳಲ್ಲಿ ಎರಡಕ್ಕೆ ಸಾವಿರ ವರ್ಷ ದಾಟಿರುವ ಊರಿನಲ್ಲಿ ಆರನೆಯ ಶಿವನಿಗೆ ಕೆರೆಯ ನೀರೇ ಬೇಕಾಯಿತೇ ಎಂದು ಕೇಳಿದರೆ ತಪ್ಪಲ್ಲ.

ಕಲ್ಲುಗಳ ವಿಷಯದಲ್ಲಿ ಮಾತ್ರ ಇತ್ತೀಚೆಗೆ ಒಳ್ಳೆಯ ಸುದ್ದಿಯಿದೆ. ರೈಸ್ ಪಟ್ಟಿ ಮಾಡಿದ ಬೆಂಗಳೂರಿನ ಶಾಸನಗಳಲ್ಲಿ ಎಷ್ಟೋ ಕಲ್ಲುಗಳು ನೂರು ವರ್ಷಗಳಲ್ಲಿ ಮನೆಗಳ ಅಡಿಪಾಯ ಸೇರಿವೆ, ಚರಂಡಿಗೆ ಚಪ್ಪಡಿಯಾಗಿವೆ. ಉಳಿದವನ್ನು ಹುಡುಕಿ, ಮೂರು ಆಯಾಮದ ಸ್ಕ್ಯಾನ್ ಮಾಡುವ ಕೆಲಸವನ್ನು 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡಿತು. ಸ್ಕ್ಯಾನರಿನ ಬೆಳಕು ಕಲ್ಲಿನ ಮೇಲೆ ಅಡ್ಡಡ್ಡ ಓಡಿ ಅಕ್ಷರದ ಆಳವನ್ನು ಮಿಲಿಮೀಟರಿನ ಭಾಗಗಳಲ್ಲಿ ಅಳೆಯುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಕಲ್ಲನ್ನು ಹೊರಳಿಸಿ, ಬೇಕಾದ ಕಡೆಯಿಂದ ನೆರಳು ಬೀಳಿಸಿ ಓದಬಹುದು. ಕಾಗದ ಒತ್ತಿ ಮಸಿ ಬಳಿದು ತೆಗೆದ ಹಳೆಯ ಅಚ್ಚುಗಳಲ್ಲಿ ಸವೆದುಹೋದಂತೆ ಕಂಡಿದ್ದ ಅಕ್ಷರಗಳು ಹೀಗೆ ಮತ್ತೆ ಸಿಗುತ್ತಿವೆ, ನೂರು ವರ್ಷದ ಹಿಂದಿನ ಪಾಠಗಳು ಅಲ್ಲಲ್ಲಿ ತಿದ್ದುಪಡಿಯಾಗುತ್ತಿವೆ.